ಕೊರಿಯರ್‌ನಲ್ಲಿ ಹೋದ ಎಂಜಲು

ಪ್ರೇಮಲತಾ ಜೈಲಿಗೆ ಹೋಗಲು ಬ್ಯಾಗು ತುಂಬಿಕೊಳ್ಳುತ್ತಿದ್ದಳು.

ಎರಡು ಕಾಟನ್ ಸೀರೆ, ಟವಲು, ಬ್ರಷ್ಷು, ವಿಭೂತಿ ಉಂಡೆ. ಶಾಲೊಂದನ್ನು ಮಾತ್ರ ಒಳಗಿಡಲೂ ಆಗದೆ ಹೊರಗಿಡಲೂ ಆಗದೆ ಕೈಯಲ್ಲೇ ಹಿಡಿದು ನಿಂತಳು.

"ಅಲ್ಲಿ ಚಳಿ ಇರ್ತದಾ ಚೇಚಿ?"

"ಚಳಿಗಿಂತ ಸೊಳ್ಳೆ ಜಾಸ್ತಿ," ಎಂದಳು ಮಂಚದ ತುದಿಯಲ್ಲಿ ಕೂತಿದ್ದ ಕಾರ್ತ್ಯಾಯನಿ. "ಆದ್ರೆ ಒಂದು ಮಾತು ಮೋಳೆ. ಕೊಲೆ ಮಾಡಿದೋರು ವಿಭೂತಿ ಕಟ್ಕೊಂಡು ಸ್ಟೇಷನ್ನಿಗೆ ಬಂದಿದ್ದನ್ನ ನನ್ನ ಸರ್ವೀಸಲ್ಲಿ ನಾನು ನೋಡಿಲ್ಲ."

ಕಾರ್ತ್ಯಾಯನಿಯ ಸರ್ವೀಸು ಸಣ್ಣದಲ್ಲ. ಕೇರಳ ಪೊಲೀಸಿನಲ್ಲಿ ಎಎಸ್‌ಐ ಆಗಿ ನಿವೃತ್ತಳಾದ ಮಲಯಾಳಿ. ಊರಿನ ಕನ್ನಡದವರಿಗೂ ಅವಳು ಚೇಚಿ, ಅಂದರೆ ಅಕ್ಕ; ಅವಳಿಗೆ ಹೆಣ್ಣುಮಕ್ಕಳೆಲ್ಲ ಮೋಳೆ, ಅಂದರೆ ಮಗಳು. ವಯನಾಡಿನ ಗಡಿಯ ಚೆಕ್‌ಪೋಸ್ಟಿನಲ್ಲಿ ತರಕಾರಿ ಲಾರಿಯವರ ಜೊತೆ ಜಗಳವಾಡಿ ಕನ್ನಡ ಕಲಿತಿದ್ದಳು. ಹಾಗಾಗಿ ಅವಳ ಕನ್ನಡದಲ್ಲಿ ಬೈಗುಳಗಳ ಭಂಡಾರ ಸಮೃದ್ಧವಾಗಿಯೂ ಸಮಾಧಾನದ ಮಾತುಗಳ ಪೆಟ್ಟಿಗೆ ಸ್ವಲ್ಪ ಖಾಲಿಯಾಗಿಯೂ ಇತ್ತು. ಠಾಣೆಗೆ ಹೋಗಲು ಹೆದರುವವರು ಅವಳ ಮನೆಗೆ ಬರುವುದು ವಾಡಿಕೆ. ನನ್ನನ್ನು ಠಾಣೆಗೆ ಕರೆದುಕೊಂಡು ಹೋಗಿ ಎಂದು ಕೈಹಿಡಿದು ಅತ್ತವಳು ಪ್ರೇಮಲತಾ ಒಬ್ಬಳೇ.

"ಆಟೋದ ಜಿತಿನ್‌ಗೆ ಹೇಳಿದೀನಿ, ಬತ್ತಾನೆ," ಎಂದಳು ಪ್ರೇಮಲತಾ. "ರೇಷ್ಮ ಶಾಲೆಯಿಂದ ಬರೋದ್ರೊಳಗೆ ನಾನು ಹೋಗ್ಬುಡ್ಬೇಕು. ಮಗಳು ನೋಡ್ತಾ ನಿಂತಿದ್ರೆ ಹೊಸಿಲು ದಾಟಕ್ಕೆ ಆಗಲ್ಲ ನಂಗೆ. ಅವಳಿಗೆ ಏನು ಹೇಳೋದು? ತಾತನ್ನ ಕೊಂದೋಳು ನಾನು ಅಂತಾನಾ?"

ಮಾವ ಶಿವಮಲ್ಲಪ್ಪನವರು ಎದೆ ಹಿಡಿದುಕೊಂಡು ಕುಸಿದು, ಬತ್ತೇರಿಯ ಆಸ್ಪತ್ರೆ ಸೇರಿ, ಅಲ್ಲಿಯೇ ತೀರಿಕೊಂಡಿದ್ದರು. ಶಿವಗಣಾರಾಧನೆ ನಿನ್ನೆ ಮುಗಿದಿತ್ತು. ಅಂಗಳದಲ್ಲಿ ಶಾಮಿಯಾನದ ಗಳಗಳು ಇನ್ನೂ ಒರಗಿಕೊಂಡಿದ್ದವು. ಪನಮರಂನಿಂದ ಬಾಡಿಗೆಗೆ ತಂದ ಕೊಪ್ಪರಿಗೆಗಳನ್ನು ಹಿತ್ತಲಲ್ಲಿ ಅಡುಗೆಯ ಜಾನು ಉಜ್ಜುತ್ತಿದ್ದ ಸದ್ದು ಮನೆಯೊಳಕ್ಕೆ ಬರುತ್ತಿತ್ತು. ಅವಳು ಉಜ್ಜುವ ರಭಸ ನೋಡಿದರೆ ಕೊಪ್ಪರಿಗೆಯ ತಳದಲ್ಲಿ ಯಾರೋ ಅವಳ ವೈರಿ ಕೂತಿರಬೇಕು ಅನಿಸುತ್ತಿತ್ತು.

ಮಾವನಿಗೆ ವಯಸ್ಸಾಗಿತ್ತು. ಹೃದಯ ನಿಂತಿತು. ಗಡಿಯೂರಾದ ಕೊಳವಳ್ಳಿಯವರು ಅಷ್ಟರಲ್ಲೇ ಸಮಾಧಾನಪಟ್ಟುಕೊಂಡಿದ್ದರು. ಪ್ರೇಮಲತಾ ಮಾತ್ರ ಪಟ್ಟುಕೊಂಡಿರಲಿಲ್ಲ.

"ಡಾಕ್ಟ್ರು ನನ್ನೇ ಕೇಳಿದ್ದು ಚೇಚಿ. ರಕ್ತದಲ್ಲಿ ಪೊಟ್ಯಾಸಿಯಂ ಇಷ್ಟೊಂದು ಏರಿದೆ, ಇವರ ಕಿಡ್ನಿ ಬೇರೆ ಸೋತಿದೆ, ಮನೇಲಿ ಉಪ್ಪು ಗಿಪ್ಪು ಬದಲಾಯಿಸಿದ್ರಾ ಅಂತ. ಹೂಂ ಅಂದೆ. ಅವರು ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ತಲೆ ಅಲ್ಲಾಡಿಸಿ ಹೋದ್ರು."

ಉಪ್ಪು ಬದಲಾಯಿಸಿದ್ದಕ್ಕೂ ಕಾರಣವಿತ್ತು. ಪ್ರೇಮಲತಾ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಆಹಾರ ಸಲಹೆಯ ಕೋರ್ಸು ಮುಗಿಸಿದ್ದಳು. ಒಂದು ಕಂಪನಿಯ ಡಿಎನ್‌ಎ ಕಿಟ್ಟು ತರಿಸಿ ತವರಿನ ತಮ್ಮನಿಂದ ಹಿಡಿದು ಪರಿಚಯದವರಿಗೆಲ್ಲ ಶಿಫಾರಸು ಮಾಡುತ್ತಿದ್ದಳು. ಕಿಟ್ಟಿನಲ್ಲಿ ಬೆರಳುದ್ದದ ಕೊಳವೆ. ಅದರಲ್ಲಿ ಗೆರೆಯವರೆಗೆ ಉಗುಳಿ ಕೊರಿಯರ್ ಮಾಡಿದರೆ, ಕಂಪನಿಯವರು ನಿಮ್ಮ ವಂಶವಾಹಿಯನ್ನು ಓದಿ, ನೀವು ತಿನ್ನಬೇಕಾದ್ದು ಹಸಿರಲ್ಲಿ, ಬಿಡಬೇಕಾದ್ದು ಕೆಂಪಲ್ಲಿ ಬರೆದು ಮೊಬೈಲಿಗೆ ಕಳಿಸುತ್ತಾರೆ. ಹಿಂದೆ ಈ ಕೆಲಸವನ್ನು ಅಜ್ಜಿಯಂದಿರು ಉಗುಳಿಲ್ಲದೆ ಮಾಡುತ್ತಿದ್ದರು. ಅವರ ಬಳಿ ಬಣ್ಣಗಳಿರಲಿಲ್ಲ, ಅಷ್ಟೆ.

ಮನೆಯ ಹಿರಿಯರಿಂದಲೇ ಶುರುವಾಗಲಿ ಎಂದು ಪ್ರೇಮಲತಾ ಮೊದಲ ಕಿಟ್ಟನ್ನು ಮಾವನಿಗೆ ಕೊಟ್ಟಿದ್ದಳು. ಉಪ್ಪು ಇವರ ಮೈಗೆ ಆಗದು ಎಂದು ಕೆಂಪಕ್ಷರದಲ್ಲಿ ಬಂತು. ಅವಳು ಸೋಡಿಯಂ ಕಡಿಮೆ ಇರುವ ಹೊಸ ಉಪ್ಪನ್ನು ತರಿಸಿದಳು. ಆ ಉಪ್ಪಿನಲ್ಲಿ ಸೋಡಿಯಂನ ಜಾಗಕ್ಕೆ ಪೊಟ್ಯಾಸಿಯಂ ಇರುತ್ತದೆ. ಬಿಪಿ ಇದ್ದವರಿಗೆ ಒಳ್ಳೆಯದು. ಕಿಡ್ನಿ ಸೋತವರಿಗೆ ವಿಷ.

"ಮಾವನ ಕಿಡ್ನಿ ಸೋತಿತ್ತು ಅಂತ ನಿಂಗೆ ಗೊತ್ತಿರಲಿಲ್ಲ."

"ಆಸ್ಪತ್ರೇಲಿ ಡಾಕ್ಟ್ರು ಹೇಳಿದಾಗ್ಲೇ ಗೊತ್ತಾಗಿದ್ದು."

"ತಪ್ಪು ನಂದು," ಎಂದಿತು ಬಾಗಿಲ ಬಳಿಯಿಂದ ಒಂದು ದನಿ.

ಗಂಡ ಮಹದೇವಪ್ರಸಾದ್. ಬತ್ತೇರಿಯಲ್ಲಿ ಸಗಟು ತರಕಾರಿ ವ್ಯಾಪಾರ. ಬೋಳಿಸಿದ ತಲೆಯ ಮೇಲೆ ಟವಲು ಹೊದ್ದುಕೊಂಡು, ಒಳಗೆ ಬರಲು ಅಪ್ಪಣೆ ಬೇಕೇನೋ ಎಂಬಂತೆ ಚೌಕಟ್ಟು ಹಿಡಿದು ನಿಂತಿದ್ದ.

"ಮೈಸೂರಲ್ಲಿ ತೋರಿಸಿದಾಗಲೇ ಡಾಕ್ಟ್ರು ಹೇಳಿದ್ರು. ಅಪ್ಪನಿಗೆ ಹೇಳಿದ್ರೆ ಹೆದರ್ಕೋತಾರೆ ಅಂತ ಹೇಳಲಿಲ್ಲ. ಇವಳಿಗೆ ಹೇಳಿದ್ರೆ ಇವಳು ಅಪ್ಪನಿಗೆ ಇನ್ನೊಂದು ಪಥ್ಯ ಶುರು ಮಾಡ್ತಾಳೆ ಅಂತ ಇವಳಿಗೂ ಹೇಳಲಿಲ್ಲ. ನಾನು ಬಾಯಿ ಬಿಟ್ಟಿದ್ರೆ ಇವಳು ಆ ಉಪ್ಪು ತರಿಸ್ತಿರಲಿಲ್ಲ. ಕರ್ಕೊಂಡು ಹೋಗೋದಾದ್ರೆ ನನ್ನ ಕರ್ಕೊಂಡು ಹೋಗಿ ಚೇಚಿ."

"ನೀವು ಹೋದ್ರೆ ಅಂಗಡಿ ಯಾರು ನೋಡ್ತಾರೆ?" ಎಂದಳು ಪ್ರೇಮಲತಾ.

"ನೀನು ಹೋದ್ರೆ ರೇಷ್ಮನ್ನ ಯಾರು ನೋಡ್ತಾರೆ?"

ಕಾರ್ತ್ಯಾಯನಿ ಇಬ್ಬರನ್ನೂ ನೋಡಿದಳು. ಒಬ್ಬ ಕಳ್ಳನ ಬಾಯಿಂದ ಹೌದು ಎಂಬ ಮಾತು ಹೊರಡಿಸಲು ಇಲಾಖೆ ಎಷ್ಟೆಷ್ಟು ಹೊತ್ತು ಬೆವರು ಸುರಿಸುತ್ತಿತ್ತು ಎಂಬುದು ಅವಳಿಗೆ ನೆನಪಿತ್ತು. ಇಲ್ಲಿ ತಪ್ಪಿಗೆ ನೂಕುನುಗ್ಗಲು.

"ಇಬ್ಬರೂ ಕೂತ್ಕೊಳ್ಳಿ," ಎಂದಳು. "ಮೋಳೆ, ಆ ರಿಪೋರ್ಟು ತೋರ್ಸು."

ಪ್ರೇಮಲತಾ ಮೊಬೈಲು ಕೊಟ್ಟಳು. ಕಾರ್ತ್ಯಾಯನಿ ಕನ್ನಡಕ ಏರಿಸಿ, ಬೆರಳಿನಿಂದ ತಳ್ಳುತ್ತ ತಳ್ಳುತ್ತ ಒಂದು ಕಡೆ ನಿಂತಳು.

"ನಿನ್ನ ಮಾವನಿಗೆ ಹಾಲು ಜೀರ್ಣ ಆಗಲ್ಲ ಅಂತ ಬರೆದಿದೆ."

"ಹೂಂ. ಅದಕ್ಕೇ ಹಾಲು ನಿಲ್ಸಿ ಬಾದಾಮಿ ಹಾಲು ಕೊಟ್ಟೆ. ಮಜ್ಜಿಗೆ ಪರವಾಗಿಲ್ಲ ಅಂತ ಇತ್ತು."

"ಬಾದಾಮಿ ಹಾಲಿಗೆ ಏನಂದ್ರು?"

"ಬಾದಾಮಿಗೆ ಕೆಚ್ಚಲು ಎಲ್ಲದೆ ತೋರ್ಸವ್ವ ಅಂದ್ರು."

ಮಹದೇವಪ್ರಸಾದ್ ನಕ್ಕುಬಿಟ್ಟ. ನಕ್ಕದ್ದಕ್ಕೆ ತಕ್ಷಣ ಟವಲಿನಿಂದ ಬಾಯಿ ಒರೆಸಿಕೊಂಡ. ಸಾವಿನ ಮನೆಯಲ್ಲಿ ಅದೂ ಒಂದು ತಪ್ಪಾಗಿ ಅವನ ಲೆಕ್ಕಕ್ಕೆ ಸೇರಿತು.

"ಅದಕ್ಕೂ ಮುಂಚೆ ಹಾಲು ಕುಡೀತಿದ್ರಾ?"

"ದಿನಾ ಒಂದು ಚೊಂಬು. ನಾನು ಮದುವೆಯಾಗಿ ಬಂದಾಗಿಂದ ನೋಡಿದೀನಿ. ಒಂದು ದಿನ ಹೊಟ್ಟೆ ಕೆಟ್ಟಿದ್ದಿಲ್ಲ."

"ಚೊಂಬು ಹಾಲು ಕುಡಿದು ಅರಗಿಸ್ಕೊಂಡ ಮನುಷ್ಯನಿಗೆ ಹಾಲು ಆಗಲ್ಲ ಅಂತ ಬಂದಾಗ ನಿಂಗೆ ಏನೂ ಅನಿಸ್ಲಿಲ್ವಾ?"

ಪ್ರೇಮಲತಾ ಸೆರಗಿನ ತುದಿ ಸುತ್ತಿದಳು. "ಕಂಪನಿಯೋರಿಗೆ ನಮಗಿಂತ ಜಾಸ್ತಿ ಗೊತ್ತಿರ್ತದೆ ಅಂದ್ಕೊಂಡೆ."

ಕಾರ್ತ್ಯಾಯನಿ ಎದ್ದು ಪಡಸಾಲೆಗೆ ಬಂದಳು. ಶಿವಮಲ್ಲಪ್ಪನವರ ಮೇಜು ಹಾಗೆಯೇ ಇತ್ತು. ಎಲೆಯಡಿಕೆಯ ತಟ್ಟೆ, ಸುಣ್ಣದ ಡಬ್ಬಿ, ಗಾಜು ಮಸುಕಾದ ಕನ್ನಡಕ. ಪಕ್ಕದಲ್ಲಿ ಒಂದು ಹಿತ್ತಾಳೆಯ ಬಟ್ಟಲು, ಬಟ್ಟಲೊಳಗೆ ಒಣಗಿ ಕಲ್ಲಾದ ಸ್ಪಂಜು.

"ಇದೇನು?"

"ಲಕೋಟೆ ಅಂಟಿಸಕ್ಕೆ," ಎಂದ ಮಹದೇವಪ್ರಸಾದ್. "ಅಪ್ಪ ಹಳೇ ಕಾಲದೋರು. ಗುಂಡ್ಲುಪೇಟೆ ನೆಂಟರಿಗೆಲ್ಲ ಕಾಗದಾನೇ ಬರೀತಿದ್ದಿದ್ದು. ಅಂಚೆ ಚೀಟಿಗೆ ನಾಲಗೆ ತಗಲಿಸ್ತಿರಲಿಲ್ಲ, ಸ್ಪಂಜು ಒದ್ದೆ ಮಾಡ್ಕೊಂಡು ಅಂಟಿಸ್ತಿದ್ರು. ಎಂಜಲು ಇನ್ನೊಬ್ಬರ ಮನೆಗೆ ಹೋಗ್ಬಾರ್ದು ಅಂತ. ಕೊರಳಲ್ಲಿ ಲಿಂಗ ಇರೋನು ಅಷ್ಟಾದರೂ ನೋಡ್ಕೋಬೇಕು ಅಂತಿದ್ರು."

ಕಾರ್ತ್ಯಾಯನಿ ಬಟ್ಟಲನ್ನು ಕೈಯಲ್ಲಿ ಹಿಡಿದೇ ಪ್ರೇಮಲತಾಳ ಕಡೆ ತಿರುಗಿದಳು.

"ಅಂಚೆ ಚೀಟಿಗೆ ನಾಲಗೆ ತಗಲಿಸದ ಮನುಷ್ಯ. ಕೊಳವೆ ತುಂಬ ಉಗುಳಿ ಕೊರಿಯರ್‌ನೋನ ಕೈಗೆ ಕೊಟ್ರಾ?"

"ಮೊದಲು ಒಪ್ಪಲಿಲ್ಲ. ಹೇಳಿ ಹೇಳಿ ಸಾಕಾಗಿ ಬಿಟ್ಬುಟ್ಟಿದ್ದೆ. ಆಮೇಲೆ ತಾವೇ ಒಂದಿನ ತಂದು ಕೊಟ್ರು. ತಗಳವ್ವ, ಸಂತೋಷವಾ ಅಂತ. ಗೆರೆವರೆಗೂ ತುಂಬಿತ್ತು."

"ಅವರು ಉಗುಳಿದ್ದನ್ನ ನೀನು ನೋಡಿದೆಯಾ?"

ಪ್ರೇಮಲತಾಗೆ ಅಷ್ಟು ದುಃಖದಲ್ಲೂ ಸಿಟ್ಟು ಬಂತು. "ಮಾವನೋರು ಉಗಿಯೋದನ್ನ ಸೊಸೆ ಎದುರಿಗೆ ನಿಂತು ನೋಡ್ತಾಳಾ ಚೇಚಿ?"

ಪ್ರಶ್ನೆ ನ್ಯಾಯವಾದದ್ದೇ. ಕಿಟ್ಟು ತಯಾರಿಸಿದವರು ಕೊಳವೆಗೆ ಬಿಗಿಯಾದ ಮುಚ್ಚಳ ಮಾಡಿದ್ದರು, ಮುಚ್ಚಳಕ್ಕೆ ಸೀಲು ಮಾಡಿದ್ದರು. ಸೊಸೆಯ ಮರ್ಯಾದೆಗೆ ಒಂದು ವ್ಯವಸ್ಥೆ ಮಾಡಬೇಕೆಂದು ಅವರಿಗೆ ಹೊಳೆದಿರಲಿಲ್ಲ.

ಕಾರ್ತ್ಯಾಯನಿ ಅಂಗಳದ ಕಡೆ ಕೂಗಿದಳು. "ಕುಳ್ಳಣ್ಣಾ, ಒಳಗೆ ಬಾ."

ಶಾಮಿಯಾನದ ಗಳಗಳ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದ ಮುದುಕ ಎದ್ದ. ಕುಳ್ಳನ್ ಹತ್ತಿರದ ಕಾಡಂಚಿನ ಹಾಡಿಯವನು. ಹರೆಯದಿಂದಲೂ ಈ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿ, ಮೆಣಸು ಬಿಡಿಸಿ, ಇತ್ತೀಚೆಗೆ ಎರಡೂ ಬಿಟ್ಟು ಯಜಮಾನರ ಜೊತೆ ಜಗಲಿಯಲ್ಲಿ ಎಲೆಯಡಿಕೆ ಜಗಿಯುವುದೊಂದನ್ನೇ ಉದ್ಯೋಗ ಮಾಡಿಕೊಂಡಿದ್ದ. ಅವನಿಗೆ ಬೆಳಿಗ್ಗೆಯೇ ಹೇಳಿಕಳಿಸಿದ್ದು ಕಾರ್ತ್ಯಾಯನಿ. ಮನೆಯವರಿಗೆ ತಿಳಿಯದ್ದು ಜಗಲಿಗೆ ತಿಳಿದಿರುತ್ತದೆ ಎಂಬುದು ಅವಳ ಅನುಭವ.

"ಇಲ್ಲೇ ಇರ್ತೀನಿ," ಎಂದ ಕುಳ್ಳನ್, ಮೆಟ್ಟಿಲ ಮೇಲೆ ನಿಂತು. "ಒಳಗೆ ಬಂದ್ರೆ ಮಲ್ಲಪ್ಪಣ್ಣನ ಕುರ್ಚಿ ಕಾಣ್ತದೆ."

"ಶೆರಿ, ಅಲ್ಲೇ ಇರು. ಕೊಳವೆಗೆ ಉಗಿದಿದ್ದು ಯಾರು?"

ಮುದುಕನ ಕೈ ತನ್ನಷ್ಟಕ್ಕೆ ಬಾಯಿಯ ಹತ್ತಿರ ಹೋಯಿತು.

"ನಾನು," ಎಂದ. ಆಮೇಲೆ ಸಣ್ಣ ದನಿಯಲ್ಲಿ, "ಅದಕ್ಕೇ ಸತ್ತೋದ್ರಾ ಅಣ್ಣ?"

ಕಾರ್ತ್ಯಾಯನಿ ಬಟ್ಟಲನ್ನು ಮೇಜಿನ ಮೇಲೆ ಇಟ್ಟಳು.

"ಹೇಗಾಯ್ತು, ಹೇಳು."

"ಅಣ್ಣ 'ಕುಳ್ಳ, ಸೊಸೆ ಆಸೆ ಪಟ್ಟು ತರ್ಸವಳೆ' ಅಂದ್ರು. 'ಬ್ಯಾಡ ಅಂದ್ರೆ ಮುಖ ಸಣ್ಣ ಮಾಡ್ತಾಳೆ. ನಂಗೋ ಟಪಾಲಲ್ಲಿ ಎಂಜಲು ಕಳ್ಸಕ್ಕೆ ಮನಸು ಒಗ್ಗಲ್ಲ. ನೀನು ಉಗಿ' ಅಂದ್ರು. ನಾನು ಕೇಳೇ ಕೇಳ್ದೆ. ನಿಮ್ದು ಹೋಗಬಾರ್ದು, ನಂದು ಹೋಗಬೋದಾ ಅಂತ."

"ಅದಕ್ಕೇನಂದ್ರು?"

"ನಕ್ಕರು. 'ನಿಂದು ಕಾಡಿಂದು ಕಣೋ, ಎಲ್ಲಿಗೆ ಬೇಕಾದ್ರೂ ಹೋಯ್ತದೆ' ಅಂದ್ರು. ಬಾಯಿಗೆ ಬಂದಂಗೆ ಬೈದೆ. ಬೈದ ಮೇಲೆ ಉಗಿದೆ. ಬಾಯಲ್ಲಿ ಎಲೆ ಇಲ್ಲದೆ ಉಗಿಯೋದು ಅಂದ್ರೆ ಏನು ಕಷ್ಟ ಅಂತೀರಿ ಚೇಚಿ! ಬಾಯೆಲ್ಲಾ ಒಣಗೋಗಿತ್ತು. ಅಣ್ಣ ಎದುರಿಗೆ ಕೂತ್ಕೊಂಡು ಹುಣಿಸೆಹಣ್ಣು ತೋರ್ಸಿ ತೋರ್ಸಿ ನೀರೂರಿಸಿದ್ರು."

ಅವನು ಕೇಳಲೋ ಬೇಡವೋ ಎಂಬಂತೆ ಪ್ರೇಮಲತಾಳ ಕಡೆ ನೋಡಿದ.

"ನಂಗೆ ಏನಂತ ಬರ್ದವರೆ ಅದ್ರಲ್ಲಿ?"

"ಹಾಲು ಆಗಲ್ಲ ಅಂತ," ಎಂದಳು ಕಾರ್ತ್ಯಾಯನಿ.

"ದಿಟ. ಹಾಲು ಕುಡಿದ್ರೆ ನಂಗೆ ಹೊಟ್ಟೆ ಗುಡುಗ್ತದೆ."

"ಉಪ್ಪು ಕಮ್ಮಿ ಮಾಡ್ಬೇಕಂತೆ."

"ಹಾಡಿಗೆ ಬರೋ ನರ್ಸಮ್ಮನೂ ಅದ್ನೇ ಅಂತಾಳೆ." ಕುಳ್ಳನ್ ತಲೆ ಅಲ್ಲಾಡಿಸಿದ. "ಎಲ್ಲ ಸರಿಯಾಗೇ ಬರ್ದವರೆ, ಪಾಪ."

ಕಂಪನಿಯ ಮೇಲೆ ಕಾರ್ತ್ಯಾಯನಿ ಕಟ್ಟಿಕೊಂಡಿದ್ದ ಅರ್ಧ ಅನುಮಾನ ಅಲ್ಲಿಗೆ ಕುಸಿಯಿತು. ಅವರು ತಮ್ಮ ಕೆಲಸ ಮಾಡಿದ್ದರು. ಆ ವರದಿಯಲ್ಲಿ ತಪ್ಪಿದ್ದದ್ದು ಒಂದೇ ಒಂದು, ಹೆಸರು.

ಪ್ರೇಮಲತಾಳಿಗೆ ಇದರಿಂದ ನೆಮ್ಮದಿ ಸಿಗುತ್ತದೆ ಎಂದುಕೊಂಡಿದ್ದಳು ಕಾರ್ತ್ಯಾಯನಿ. ಅವಳ ಸಮಾಧಾನದ ಪೆಟ್ಟಿಗೆ ಎಷ್ಟು ಖಾಲಿ ಎಂಬುದು ಆಗ ಗೊತ್ತಾಯಿತು.

"ನನ್ನ ಮುಖ ಸಣ್ಣ ಆಗಬಾರ್ದು ಅಂತ," ಎಂದಳು ಪ್ರೇಮಲತಾ. ದನಿ ಕೀರಲಾಗಿತ್ತು. "ಅದಕ್ಕೋಸ್ಕರ ಕುಳ್ಳಣ್ಣನ ಹತ್ರ ಕೈಯೊಡ್ಡಿದ್ರು. ನಾನು ಕುಳ್ಳಣ್ಣನ ಮೈಗೆ ಹೇಳಿದ ಪಥ್ಯಾನ ಅವರ ಬಾಯಿಗೆ ಹಾಕ್ದೆ. ಹಾಲು ಕಿತ್ಕೊಂಡೆ. ಉಪ್ಪು ಕಿತ್ಕೊಂಡೆ. ಒಂದು ದಿನ ಬೈಯಲಿಲ್ಲ ಚೇಚಿ. ಕೆಚ್ಚಲು ಎಲ್ಲದೆ ಅಂತ ತಮಾಷೆ ಮಾಡಿ ಕುಡಿದ್ರು."

ಅವಳು ಒಳಗೆ ಹೋಗಿ ಬ್ಯಾಗು ತಂದಳು. "ನಡೀರಿ. ಇನ್ನೊಂದು ಗಳಿಗೆ ಈ ಮನೇಲಿರಕ್ಕೆ ನಂಗೆ ಯೋಗ್ಯತೆ ಇಲ್ಲ."

ಹಿತ್ತಲಲ್ಲಿ ಕೊಪ್ಪರಿಗೆ ಉಜ್ಜುವ ಸದ್ದು ನಿಂತಿತ್ತು. ಯಾವಾಗ ನಿಂತಿತೋ ಯಾರೂ ಗಮನಿಸಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಜಾನು ನಿಂತಿದ್ದಳು. ಮೊಣಕೈವರೆಗೆ ಬೂದಿ.

"ಅಕ್ಕ, ಹೋಗ್ಬ್ಯಾಡಿ."

"ಪಾತ್ರೆ ತೊಳಿ ಹೋಗು ಜಾನು."

"ಆ ಉಪ್ಪು ನಾನು ಹಾಕಲೇ ಇಲ್ಲ ಅಕ್ಕ."

ಪ್ರೇಮಲತಾ ಬ್ಯಾಗು ಹಿಡಿದಂತೆಯೇ ನಿಂತಳು.

"ಮೊದಲನೇ ದಿನ ಹಾಕ್ದೆ," ಎಂದಳು ಜಾನು ಒಂದೇ ಉಸಿರಿಗೆ. "ಯಜಮಾನ್ರು ಸಾರು ಬಾಯಿಗಿಟ್ಟು, ಅಡುಗೆಮನೆಗೆ ಬಂದು, 'ಜಾನು, ಇದು ಉಪ್ಪಲ್ಲ, ಕಷಾಯ. ನೀನು ಹಳೇದೇ ಹಾಕು, ಸೊಸೆಗೆ ಹೇಳ್ಬ್ಯಾಡ' ಅಂದ್ರು. ನೀವು ಡಬ್ಬ ನೋಡ್ತೀರಲ್ಲ ಅಂತ ಕಲ್ಲುಪ್ಪು ಕುಟ್ಟಿ ಆ ಡಬ್ಬಕ್ಕೆ ತುಂಬಿಸಿಟ್ಟೆ. ದಿನಾ ಅದೇ. ಉಪ್ಪು ತಿನ್ನಬಾರ್ದೋರಿಗೆ ಉಪ್ಪು ಹಾಕಿ ಹಾಕಿ ಕೊಂದೋಳು ನಾನು ಅಕ್ಕ. ನಿಮ್ಮನ್ನ ಜೈಲಿಗೆ ಕಳ್ಸಿ ನಾನು ಕೊಪ್ಪರಿಗೆ ಉಜ್ತಾ ಕೂರಲಾ?"

ಆ ಮನೆಯಲ್ಲಿ ತಪ್ಪು ಹೊರಲು ಇನ್ನು ಉಳಿದದ್ದು ಕಟ್ಟಿಹಾಕಿದ್ದ ನಾಯಿಯೊಂದೇ.

ಕಾರ್ತ್ಯಾಯನಿ ಒಳಗೆ ಹೋಗಿ ಡಬ್ಬ ತಂದಳು. ಚಿಟಿಕೆ ಉಪ್ಪು ನಾಲಗೆಗೆ ಇಟ್ಟುಕೊಂಡಳು. ಇನ್ನೊಂದು ಚಿಟಿಕೆಯನ್ನು ಪ್ರೇಮಲತಾಳ ಅಂಗೈಗೆ ಹಾಕಿದಳು. ಅಚ್ಚ ಉಪ್ಪು. ಕಹಿಯ ಸುಳಿವಿಲ್ಲ.

"ಹೊಸ ಉಪ್ಪು ಸ್ವಲ್ಪ ಕಹಿ ಇರ್ತದೆ," ಎಂದಳು ಪ್ರೇಮಲತಾ ನಿಧಾನವಾಗಿ. "ಇದು ಅದಲ್ಲ."

"ಅಲ್ಲ. ಜಾನು, ಅಳಬೇಡ. ಮಾಮೂಲಿ ಉಪ್ಪಲ್ಲಿ ಪೊಟ್ಯಾಸಿಯಂ ಏರಲ್ಲ. ಅವರನ್ನ ಕೊಂದಿದ್ದು ನಿನ್ನ ಕಲ್ಲುಪ್ಪಲ್ಲ." ಕಾರ್ತ್ಯಾಯನಿ ಪ್ರೇಮಲತಾಳ ಕೈಯಿಂದ ಬ್ಯಾಗು ತೆಗೆದು ಕೆಳಗಿಟ್ಟಳು. "ನಿನ್ನ ಅಡುಗೆಮನೆಯೂ ಅಲ್ಲ ಮೋಳೆ."

ಪ್ರೇಮಲತಾ ನೆಲದ ಮೇಲೆ ಕೂತುಬಿಟ್ಟಳು. ಮಹದೇವಪ್ರಸಾದ್ ಅವಳ ಪಕ್ಕ ಕೂತು, ಊರವರೆದುರು ಎಂದೂ ಮಾಡದ ಕೆಲಸ ಮಾಡಿದ. ಹೆಂಡತಿಯ ತಲೆಯ ಮೇಲೆ ಕೈಯಿಟ್ಟ. ರೇಷ್ಮ ಬರುವ ಹೊತ್ತಿಗೆ ಅವಳ ಅಮ್ಮ ಮನೆಯಲ್ಲೇ ಇರುತ್ತಾಳೆ. ಆ ಹೊತ್ತಿಗೆ ಅಷ್ಟೇ ಸಾಕಾಗಿತ್ತು ಎಲ್ಲರಿಗೂ.

ಕಾರ್ತ್ಯಾಯನಿಗೆ ಸಾಕಾಗಲಿಲ್ಲ. ಪೊಲೀಸ್ ಕೆಲಸದಲ್ಲಿ ಇದೊಂದು ಕೆಟ್ಟ ಚಟ. ಒಬ್ಬರು ನಿರಪರಾಧಿ ಅನಿಸಿದ ಕೂಡಲೇ ಖುಷಿಪಡುವ ಬದಲು ಮುಂದಿನವರ ಕಡೆ ಕಣ್ಣು ಹೋಗುತ್ತದೆ. ಆಸ್ಪತ್ರೆಯಲ್ಲಿ ತೆಗೆದ ರಕ್ತ ಸುಳ್ಳು ಹೇಳುವುದಿಲ್ಲ. ಪೊಟ್ಯಾಸಿಯಂ ಸಾರಿನಿಂದ ಹೋಗಲಿಲ್ಲ ಎಂದರೆ ಇನ್ನೆಲ್ಲಿಂದಲೋ ಹೋಗಿದೆ.

"ಜಾನು, ಹೊಸ ಉಪ್ಪಿನ ಪ್ಯಾಕೆಟ್‌ಗಳನ್ನ ಏನು ಮಾಡಿದೆ?"

"ರಾಗಿ ಡ್ರಮ್ಮಿನ ಹಿಂದೆ ಬಚ್ಚಿಟ್ಟೆ. ಉಪ್ಪು ಎಸೀಬಾರ್ದು ಅಂತ."

"ತಗೊಂಡು ಬಾ."

ಜಾನು ಹೋದಳು. ಡ್ರಮ್ಮು ಎಳೆದ ಸದ್ದು ಕೇಳಿತು. ಬಂದಾಗ ಕೈ ಖಾಲಿ, ಮುಖ ಬೂದಿಗಿಂತ ಬೆಳ್ಳಗೆ.

"ಇಲ್ಲ ಚೇಚಿ. ಒಂದೂ ಇಲ್ಲ."

"ನಾ ತಗಂಡೆ ಕನವ್ವ. ಏನೀಗ?"

ಒಳಕೋಣೆಯಿಂದ ಗೋಡೆ ಹಿಡಿದುಕೊಂಡು ಚೆಲುವಮ್ಮ ಬಂದಳು. ಶಿವಮಲ್ಲಪ್ಪನವರ ಹೆಂಡತಿ. ಗಂಡ ಹೋದ ಮೇಲೆ ಚಾಪೆ ಬಿಟ್ಟು ಎದ್ದಿರಲಿಲ್ಲ. ಹಣೆಯ ಮೇಲೆ ಬರೀ ವಿಭೂತಿ. ಜಾನುವನ್ನು ನೋಡಿ ಅವಳ ಹಳೆಯ ದನಿ ಸ್ವಲ್ಪ ಮರಳಿತು.

"ಡಬ್ಬ ಬದ್ಲಾಯ್ಸುದ್ರೆ ನಂಗ ತಿಳಿಯಾಕಿಲ್ಲ ಅನ್ಕಂಡಿದ್ದಾ? ಈ ಮನೆ ಸಾರು ಎಷ್ಟು ವರ್ಸದಿಂದ ಉಂಡಿವ್ನಿ. ಪಾಪದ ಮಗ, ನಮ್ ಪ್ರೇಮಾ, ಮಾವನ ಆರೋಗ್ಯಕ್ಕೆ ಅಂತ ಓದಿ ಬರ್ದು ತರ್ಸುದ್ರೆ, ನೀನೂ ಅವ್ರೂ ಸೇರ್ಕಂಡು ಅವಳ ಕಣ್ಣಿಗೆ ಮಣ್ಣು ಹಾಕುದ್ರಿ. ನಂಗ ತಡ್ಕಳಾಕ್ ಆಗ್ನಿಲ್ಲ. ಹುಡುಕಿ ತಗಂಡೆ."

"ತಗೊಂಡು ಏನು ಮಾಡಿದ್ರಿ ಅಮ್ಮ?" ಕಾರ್ತ್ಯಾಯನಿಯ ದನಿ ತೀರ ಮೆತ್ತಗಿತ್ತು.

"ಮಜ್ಜಿಗೆಗೆ ಹಾಕ್ದೆ. ಹಾಲು ನಿಂತ ಮ್ಯಾಲೆ ಅವ್ರಿಗೆ ಮಜ್ಜಿಗೆ ತಾನೆ? ಶುಂಠಿ, ಕರಿಬೇವು, ಕಾಂದಾರಿ ಮೆಣಸು ಜಜ್ಜಿ ಹಾಕುದ್ರೆ ಯಾವ ಕಹಿ ಗೊತ್ತಾದದು? ಬಾಯಿ ಚಪ್ಪರ್ಸಿ ಕುಡುದ್ರು."

ಮೆಟ್ಟಿಲ ಮೇಲೆ ಕುಳ್ಳನ್ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮಹದೇವಪ್ರಸಾದನ ಟವಲು ಜಾರಿ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ.

ಚೆಲುವಮ್ಮ ಒಬ್ಬೊಬ್ಬರ ಮುಖ ನೋಡಿದಳು. ಉಪ್ಪಿನ ವಿಷಯ, ಡಾಕ್ಟರು ಹೇಳಿದ ವಿಷಯ, ಯಾವುದನ್ನೂ ಯಾರೂ ಅವಳಿಗೆ ತಿಳಿಸಿರಲಿಲ್ಲ.

"ಯಾಕ್ರಪ್ಪ ಎಲ್ರೂ ಹಿಂಗ್ ನೋಡೀರಿ? ಒಳ್ಳೇದೇ ತಾನೆ ಪ್ರೇಮಾ, ಆ ಉಪ್ಪು? ನೀನೇ ಅಂದಿದ್ದಲ್ಲ."

ಪ್ರೇಮಲತಾ ಎದ್ದು ಬಂದು ಅತ್ತೆಯ ಕೈ ಹಿಡಿದಳು.

"ಹೂಂ ಅತ್ತೆ. ಒಳ್ಳೇದೇ."

ಇಲ್ಲಿಗೆ ಬಿಡಬಹುದಿತ್ತು. ಒಬ್ಬ ಮುದುಕಿಯ ಪ್ರೀತಿ, ಒಬ್ಬ ಸೊಸೆಯ ಉತ್ಸಾಹ, ಒಬ್ಬ ಮಗನ ಮೌನ. ಯಾವ ಕಾನೂನಿನ ಪುಸ್ತಕದಲ್ಲೂ ಇವಕ್ಕೆ ಕಲಂ ಇಲ್ಲ. ಎದ್ದು ಹೋಗಬೇಕೆಂದೇ ಕಾರ್ತ್ಯಾಯನಿ ಚಪ್ಪಲಿಯ ಕಡೆ ನೋಡಿದಳು. ಆದರೂ ಬಾಯಿ ಕೇಳಿತು.

"ಅಮ್ಮ, ಮಜ್ಜಿಗೆಗೆ ಹಾಕ್ಬೇಕು ಅಂತ ನಿಮಗೇ ಹೊಳೀತಾ?"

"ನಂಗ ಎಲ್ಲಿಂದ ಹೊಳ್ದದು? ಇವಳ ಕಂಪನಿಯೋರು ಫೋನ್ ಮಾಡಿ ಹೇಳುದ್ರಲ್ಲ."

"ಕಂಪನಿಯೋರು ನಿಮಗೆ ಫೋನ್ ಮಾಡಲ್ಲ ಅತ್ತೆ," ಎಂದಳು ಪ್ರೇಮಲತಾ. "ಅವರು ಯಾರಿಗೂ ಫೋನ್ ಮಾಡಲ್ಲ. ಎಲ್ಲ ಮೊಬೈಲಿಗೆ ಬರ್ದು ಕಳಿಸ್ತಾರೆ."

"ಮಾಡುದ್ರು ಕನ. ಗಂಡಸು. ಫೋನಲ್ಲಿ ನಂಗ ಎಲ್ರು ದನಿನೂ ಒಂದೇ ತರ, ಆದ್ರೂ ಮಾತು ನಮ್ ಕಡೇದೇ. 'ಚೆನ್ನಾಗಿದ್ದೀರಾ ಅತ್ತೆಮ್ಮ' ಅಂತ್ಲೇ ಸುರು ಮಾಡ್ದ. ಅಡ್ಗೆಗೆ ಹಾಕೋದು ಸಾಲ್ದು, ದಿನಾ ಮಜ್ಜಿಗೆಗೂ ಚಮಚದ ತುಂಬ ಹಾಕಿ ಅಂದ. ಸೊಸೆಗೆ ಈಗ್ಲೇ ಹೇಳ್ಬ್ಯಾಡಿ, ಗುಣ ಕಂಡ ಮ್ಯಾಲೆ ಅವಳಿಗೇ ಖುಸಿ ಆಯ್ತದೆ ಅಂದ. ಒಳ್ಳೇ ಹುಡುಗ."

ಕಾರ್ತ್ಯಾಯನಿ ಅಲುಗಾಡದೆ ನಿಂತಳು. ಕಂಪನಿಗಳವರು ಮೇಡಂ ಅನ್ನುತ್ತಾರೆ. ವಯನಾಡಿಗೆ ಫೋನು ಮಾಡುವವರು ಮಲಯಾಳದಲ್ಲಿ ಮಾತಾಡುತ್ತಾರೆ. ಚೆಕ್‌ಪೋಸ್ಟಿನ ಲಾರಿಯವರು ತನ್ನನ್ನು ಏನೇನೋ ಕರೆದಿದ್ದರು. ಅತ್ತೆಮ್ಮ ಎಂದು ಒಬ್ಬನೂ ಕರೆದಿರಲಿಲ್ಲ. ಹಾಗೆ ಕರೆಯಲು ಒಂದು ಸಂಬಂಧ ಬೇಕು, ಸೊಸೆಯ ತವರಿನಂಥದ್ದು. ಅದು ಬಾಯಿತಪ್ಪಿ ಬಂದಿದ್ದರೆ, ಅಭ್ಯಾಸವೂ ಬೇಕು.

ಅವಳು ಪ್ರೇಮಲತಾಳನ್ನು ನೋಡಿದಳು. ಅತ್ತೆಯ ಕೈ ಹಿಡಿದಿದ್ದ ಬೆರಳುಗಳ ಗೆಣ್ಣು ಬಿಳಿಚಿಕೊಂಡಿತ್ತು.

"ಮಹದೇವಾ," ಎಂದಳು ಕಾರ್ತ್ಯಾಯನಿ, ಕಣ್ಣು ಪ್ರೇಮಲತಾಳ ಮೇಲೇ ಇಟ್ಟು. "ಅಪ್ಪನ ಕಿಡ್ನಿ ವಿಷಯ ನಿನ್ನ ಬಿಟ್ಟು ಇನ್ಯಾರಿಗೆ ಗೊತ್ತಿತ್ತು? ಮೈಸೂರಿಗೆ ನಿನ್ನ ಜೊತೆ ಯಾರು ಬಂದಿದ್ರು?"

ಮಹದೇವಪ್ರಸಾದ್ ಬಾಯಿ ತೆರೆದ.

"ನಂಗೆ ಗೊತ್ತಿತ್ತು," ಎಂದಳು ಪ್ರೇಮಲತಾ.

ಅಂಗಳದಲ್ಲಿ ಆಟೋ ಬಂದು ನಿಂತ ಸದ್ದಾಯಿತು.

"ಮೊದಲಿಂದ್ಲೂ ಗೊತ್ತಿತ್ತು. ಆ ಫೋನ್ ಮಾಡಿಸಿದ್ದೂ ನಾನೇ. ಹಾಗೇ ಬರ್ಕೊಳ್ಳಿ ಚೇಚಿ."

ಬೆಳಗಿನಿಂದ ಆ ಮನೆಯಲ್ಲಿ ಎಲ್ಲರೂ ತಪ್ಪು ಒಪ್ಪಿಕೊಂಡಿದ್ದರು, ಎಲ್ಲರೂ ನಿಜವನ್ನೇ ಹೇಳಿದ್ದರು. ತಪ್ಪೊಪ್ಪಿಗೆಗಳಲ್ಲಿ ಮೊದಲ ಸುಳ್ಳು ಈಗ ಬಂತು. ಅದನ್ನು ಹೇಳುವಾಗ ಮಾತ್ರ ಪ್ರೇಮಲತಾಳ ದನಿ ಸ್ವಲ್ಪವೂ ನಡುಗಲಿಲ್ಲ.

"ಏನು ಹೇಳ್ತಿದೀಯ ಪ್ರೇಮಾ?" ಮಹದೇವಪ್ರಸಾದ್ ಎದ್ದು ನಿಂತ. "ಅವತ್ತು ಕಾರಲ್ಲಿ ನನ್ನ ಜೊತೆ ಇದ್ದಿದ್ದು ನಿನ್ನ ತಮ್ಮ..."

"ಬಾಯಿ ಮುಚ್ರೀ!"

ಮದುವೆಯಾಗಿ ಬಂದಾಗಿನಿಂದ ಗಂಡನಿಗೆ ಒಮ್ಮೆಯೂ ಎದುರಾಡದವಳು ಅಂಗಳಕ್ಕೆ ಇಳಿದು, ಆಟೋದಲ್ಲಿ ಕೂತು, ಕಾರ್ತ್ಯಾಯನಿಗೆ ಪಕ್ಕದಲ್ಲಿ ಜಾಗ ಬಿಟ್ಟಳು.